ಬೀಗ ಬಿದ್ದ ಬಾಗಿಲು ತೆರೆಸಿದ ಫ್ರಾನ್ಸಿಸ್ ಪರ್ಕಿನ್ಸ್

ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಕೂಡದು. ಬಾಗಿಲು ಹೊರಮುಖವಾಗಿ ತೆರೆದುಕೊಳ್ಳಬೇಕು. ಚಿಂದಿ ಬಟ್ಟೆ, ಕಾಗದದಂಥ ಕಸವನ್ನು ಬೆಂಕಿ ತಗಲದ ಡಬ್ಬಿಗಳಲ್ಲಿ ತುಂಬಬೇಕು. ಕೆಲಸದ ಜಾಗದಲ್ಲಿ ಧೂಮಪಾನ ನಿಷಿದ್ಧ. ಅಗ್ನಿ ಅವಘಡ ಸಂಭವಿಸಿದಾಗ ಹೇಗೆ ಹೊರಬರಬೇಕೆಂಬುದನ್ನು ಕಾರ್ಮಿಕರಿಗೆ ಮುಂಚಿತವಾಗಿಯೇ ಅಭ್ಯಾಸ ಮಾಡಿಸಬೇಕು. ಇಂದು ಕೇಳಿದರೆ ಇವೆಲ್ಲ ಹೇಳಬೇಕಾದ ಅಗತ್ಯವೇ ಇಲ್ಲದ ಮಾತುಗಳೆನಿಸುತ್ತವೆ. ಆದರೆ ಒಂದು ಶತಮಾನದ ಹಿಂದೆ, ಅಮೆರಿಕದ ಅತಿ ದೊಡ್ಡ ನಗರದಲ್ಲಿ, ಈ ಮಾತುಗಳು ಕಾನೂನಿನ ಪುಸ್ತಕ ಸೇರಲು 146 ಜೀವಗಳು ಬಲಿಯಾಗಬೇಕಾಯಿತು.

ಆ ಸಾವುಗಳನ್ನು ಕಣ್ಣಾರೆ ಕಂಡು, ಮುಂದಿನ ಅರ್ಧ ಶತಮಾನವನ್ನು ದುಡಿಯುವವರ ಸುರಕ್ಷತೆಗಾಗಿ ಮುಡಿಪಾಗಿಟ್ಟವರು ಫ್ರಾನ್ಸಿಸ್ ಪರ್ಕಿನ್ಸ್. ಅಮೆರಿಕದ ಕೇಂದ್ರ ಸಂಪುಟದಲ್ಲಿ ಸ್ಥಾನ ಪಡೆದ ಪ್ರಥಮ ಮಹಿಳೆ ಎಂಬ ಕಾರಣಕ್ಕಾಗಿ ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ. ಆದರೆ ಅವರ ನಿಜವಾದ ಸಾಧನೆ ಇರುವುದು ಆ ಪಟ್ಟದಲ್ಲಿ ಅಲ್ಲ. ಕಾರ್ಖಾನೆಯ ಶಿಸ್ತು ಎಂಬುದು ಕಾರ್ಮಿಕನಿಗೆ ಮಾತ್ರ ಅನ್ವಯಿಸುವ ಸಂಗತಿಯಲ್ಲ, ಮಾಲೀಕನೂ ಸರ್ಕಾರವೂ ಅದಕ್ಕೆ ಬದ್ಧರು ಎಂಬ ತಿಳಿವಳಿಕೆಯನ್ನು ಕಾಯ್ದೆಯ ರೂಪಕ್ಕೆ ತಂದುದರಲ್ಲಿ.

ಗಿರಣಿ ಕಂಡ ವಿದ್ಯಾರ್ಥಿನಿ

ಪರ್ಕಿನ್ಸ್ ಜನಿಸಿದ್ದು 1880ರ ಏಪ್ರಿಲ್ 10ರಂದು ಬಾಸ್ಟನ್ ನಗರದಲ್ಲಿ. ತಂದೆತಾಯಿ ಇಟ್ಟ ಹೆಸರು ಫ್ಯಾನಿ ಕೊರಾಲಿ. ತಂದೆ ವೂಸ್ಟರ್ ಪಟ್ಟಣದಲ್ಲಿ ಕಾಗದ ಮತ್ತು ಲೇಖನ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿದ್ದರು. ಸಂಪ್ರದಾಯಸ್ಥ ಮಧ್ಯಮ ವರ್ಗದ ಕುಟುಂಬ. ಬಡತನಕ್ಕೆ ಕುಡಿತ ಮತ್ತು ಸೋಮಾರಿತನವೇ ಕಾರಣ ಎಂಬ ನಂಬಿಕೆ ಆ ಮನೆಯಲ್ಲಿ ಸಹಜವಾಗಿತ್ತು. ಕಷ್ಟಪಟ್ಟು ದುಡಿಯುವ ಸಂಸಾರವೂ ಬಡತನದಲ್ಲಿಯೇ ಏಕೆ ಉಳಿಯುತ್ತದೆ ಎಂಬ ಪ್ರಶ್ನೆ ಮಾತ್ರ ಆ ಬಾಲಕಿಯನ್ನು ಕಾಡುತ್ತಿತ್ತು.

ಉತ್ತರ ದೊರೆತದ್ದು ಕಾಲೇಜಿನಲ್ಲಿ. ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಅವರು ಪ್ರಧಾನವಾಗಿ ವಿಜ್ಞಾನವನ್ನು ಅಭ್ಯಾಸ ಮಾಡಿದರು. ಕೊನೆಯ ವರ್ಷದಲ್ಲಿ ಇತಿಹಾಸದ ಪ್ರಾಧ್ಯಾಪಕಿಯೊಬ್ಬರು ವಿದ್ಯಾರ್ಥಿನಿಯರನ್ನು ಸಮೀಪದ ಗಿರಣಿಗಳಿಗೆ ಕಳುಹಿಸಿ, ಅಲ್ಲಿನ ಕೆಲಸದ ಪರಿಸ್ಥಿತಿಯನ್ನು ನೋಡಿ ವರದಿ ಬರೆಯುವಂತೆ ಹೇಳಿದರು. ಗಿರಣಿಯಲ್ಲಿ ಹೆಂಗಸರೂ ಮಕ್ಕಳೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದರು. ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡರೆ ಪರಿಹಾರವಿರಲಿಲ್ಲ, ಮರುದಿನದಿಂದ ಕೂಲಿಯೂ ಇರಲಿಲ್ಲ. ಕುಡಿತವಿಲ್ಲದ, ಸೋಮಾರಿತನವಿಲ್ಲದ ಮನೆಯೂ ಒಂದೇ ಒಂದು ಅಪಘಾತದಿಂದ ಬೀದಿಗೆ ಬೀಳಬಹುದು ಎಂಬುದು ಅವರಿಗೆ ಮನದಟ್ಟಾಯಿತು. 1902ರಲ್ಲಿ ಕಾಲೇಜಿಗೆ ಬಂದು ಉಪನ್ಯಾಸ ನೀಡಿದ ಬಳಕೆದಾರರ ಸಂಘಟನೆಯ ನಾಯಕಿ ಫ್ಲಾರೆನ್ಸ್ ಕೆಲ್ಲಿ ಅವರ ಮಾತುಗಳು ಆ ಅನುಭವಕ್ಕೆ ದಿಕ್ಕು ತೋರಿದವು.

ಪದವಿ ಪಡೆದ ನಂತರ ಶಿಕಾಗೋ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕಿಯಾದರು. ಬಿಡುವಿನ ದಿನಗಳನ್ನು ವಲಸಿಗ ಬಡವರ ನಡುವೆ ಕೆಲಸ ಮಾಡುತ್ತಿದ್ದ ಹಲ್ ಹೌಸ್ ಸೇವಾಕೇಂದ್ರದಲ್ಲಿ ಕಳೆದರು. ಫ್ರಾನ್ಸಿಸ್ ಎಂದು ಹೆಸರು ಬದಲಿಸಿಕೊಂಡದ್ದು ಇದೇ ಅವಧಿಯಲ್ಲಿ. 1907ರಲ್ಲಿ ಫಿಲಡೆಲ್ಫಿಯಾಕ್ಕೆ ತೆರಳಿ, ಉದ್ಯೋಗ ಅರಸಿ ಬರುವ ವಲಸಿಗ ಹಾಗೂ ಕಪ್ಪು ಜನಾಂಗದ ಯುವತಿಯರನ್ನು ವಂಚಿಸುತ್ತಿದ್ದ ದಲ್ಲಾಳಿಗಳ ವಿರುದ್ಧ ಮಾಹಿತಿ ಕಲೆಹಾಕಿದರು. ಅನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1910ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದೇ ವರ್ಷ ನ್ಯೂಯಾರ್ಕ್ ಬಳಕೆದಾರರ ಲೀಗಿನ ಕಾರ್ಯದರ್ಶಿಯಾದರು. ನೆಲಮಾಳಿಗೆಯ ಬೇಕರಿಗಳ ಕೊಳಕು, ಬಟ್ಟೆ ಕಾರ್ಖಾನೆಗಳ ಇಕ್ಕಟ್ಟು, ಬೆಂಕಿಯ ಅಪಾಯ ಇವು ಅವರ ಸಮೀಕ್ಷೆಯ ವಿಷಯಗಳಾಗಿದ್ದವು.

1911ರ ಮಾರ್ಚ್ 25

ಅಂದು ಶನಿವಾರ. ಪರ್ಕಿನ್ಸ್ ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಬಳಿ ಗೆಳತಿಯೊಬ್ಬರ ಮನೆಯಲ್ಲಿ ಚಹಾಕೂಟಕ್ಕೆ ಹೋಗಿದ್ದರು. ಸಂಜೆ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಬೀದಿಯಲ್ಲಿ ಕೂಗಾಟ ಕೇಳಿಸಿತು. ಹೊರಗೆ ಓಡಿ ಬಂದವರಿಗೆ ಚೌಕದ ಆಚೆಗಿದ್ದ ಆಶ್ ಕಟ್ಟಡದ ಮೇಲಂತಸ್ತುಗಳು ಹೊತ್ತಿ ಉರಿಯುತ್ತಿರುವುದು ಕಾಣಿಸಿತು.

ಹತ್ತು ಅಂತಸ್ತಿನ ಆ ಕಟ್ಟಡದ ಕೊನೆಯ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಂಪನಿ ಇತ್ತು. ಮಹಿಳೆಯರ ರವಿಕೆಗಳನ್ನು ಹೊಲಿಯುತ್ತಿದ್ದ ಅಲ್ಲಿನ ಕಾರ್ಮಿಕರಲ್ಲಿ ಬಹುಪಾಲು ಯಹೂದಿ ಮತ್ತು ಇಟಲಿ ಮೂಲದ ವಲಸಿಗ ಯುವತಿಯರು. ಎಂಟನೆಯ ಅಂತಸ್ತಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ರಾಶಿ ಬಿದ್ದಿದ್ದ ಚಿಂದಿಗೆ ಬೆಂಕಿ ತಗಲಿತು. ಆರಿಸದೆ ಎಸೆದ ಬೆಂಕಿಕಡ್ಡಿ ಅಥವಾ ಸಿಗರೇಟು ತುಂಡು ಕಾರಣವಿರಬಹುದೆಂದು ಅಗ್ನಿಶಾಮಕ ಅಧಿಕಾರಿಗಳು ನಂತರ ತೀರ್ಮಾನಿಸಿದರು. ಅಲ್ಲಿ ಧೂಮಪಾನ ನಿಷೇಧವಿತ್ತು. ಆದರೆ ಆ ನಿಷೇಧವನ್ನು ಪಾಲಿಸುವವರೂ ಇರಲಿಲ್ಲ, ಪಾಲಿಸುವಂತೆ ನೋಡಿಕೊಳ್ಳುವವರೂ ಇರಲಿಲ್ಲ.

ಎಂಟನೆಯ ಅಂತಸ್ತಿನಿಂದ ದೂರವಾಣಿಯ ಮೂಲಕ ಹತ್ತನೆಯ ಅಂತಸ್ತಿನ ಕಚೇರಿಗೆ ಸುದ್ದಿ ಮುಟ್ಟಿತು. ಮಾಲೀಕರು ಮಾಳಿಗೆಯ ಮೇಲಿಂದ ಪಕ್ಕದ ಕಟ್ಟಡಕ್ಕೆ ದಾಟಿ ಪಾರಾದರು. ಒಂಬತ್ತನೆಯ ಅಂತಸ್ತಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಅಲ್ಲಿದ್ದವರು ಮೆಟ್ಟಿಲ ಕಡೆಗೆ ಓಡಿದಾಗ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಕಾರ್ಮಿಕರು ಬಟ್ಟೆ ಕದ್ದೊಯ್ಯಬಾರದು, ಒಂದೇ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ಚೀಲ ತೋರಿಸಿ ಹೋಗಬೇಕು ಎಂಬುದು ಆ ಬೀಗದ ಉದ್ದೇಶ. ಇನ್ನೊಂದು ಮೆಟ್ಟಿಲನ್ನು ಬೆಂಕಿ ಆವರಿಸಿತ್ತು. ಹೊರಗಿನ ಕಬ್ಬಿಣದ ತುರ್ತು ಏಣಿ ಜನರ ಭಾರಕ್ಕೆ ಕುಸಿಯಿತು. ಲಿಫ್ಟ್ ನಿರ್ವಾಹಕರು ಪ್ರಾಣದ ಹಂಗು ತೊರೆದು ಮತ್ತೆ ಮತ್ತೆ ಮೇಲೆ ಹೋಗಿ ಅನೇಕರನ್ನು ಉಳಿಸಿದರು. ಅಗ್ನಿಶಾಮಕ ದಳದ ಏಣಿಗಳು ಆರನೆಯ ಅಂತಸ್ತಿನವರೆಗೆ ಮಾತ್ರ ತಲುಪಿದವು. ಕಿಟಕಿಗಳಿಂದ ಐವತ್ತಕ್ಕೂ ಹೆಚ್ಚು ಮಂದಿ ಕೆಳಗೆ ಹಾರಿದರು. ಹಿಡಿದ ಬಲೆಗಳು ಹರಿದುಹೋದವು.

ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದಿತ್ತು. ಸತ್ತವರು 146 ಮಂದಿ. ಅವರಲ್ಲಿ 123 ಮಹಿಳೆಯರು ಮತ್ತು ಬಾಲಕಿಯರು. ಅತ್ಯಂತ ಕಿರಿಯರ ವಯಸ್ಸು 14. ಪರ್ಕಿನ್ಸ್ ಆ ಬೀದಿಯಲ್ಲಿ ನಿಂತು ಅಸಹಾಯಕರಾಗಿ ಇದೆಲ್ಲವನ್ನೂ ನೋಡಿದರು.

ಈ ದುರಂತದಲ್ಲಿ ಇನ್ನೂ ಕಹಿಯಾದ ಸಂಗತಿಯೊಂದಿದೆ. 1909ರಲ್ಲಿ ನ್ಯೂಯಾರ್ಕಿನ ಸುಮಾರು 20,000 ಹೊಲಿಗೆ ಕಾರ್ಮಿಕ ಮಹಿಳೆಯರು ಮುಷ್ಕರ ಹೂಡಿದಾಗ ಟ್ರಯಾಂಗಲ್ ಕಾರ್ಮಿಕರು ಅದರ ಮುಂಚೂಣಿಯಲ್ಲಿದ್ದರು. ಅನೇಕ ಸಣ್ಣ ಕಂಪನಿಗಳು ಸಂಘದೊಂದಿಗೆ ಒಪ್ಪಂದಕ್ಕೆ ಬಂದವು. ಟ್ರಯಾಂಗಲ್ ಮಾಲೀಕರು ಸಂಘಕ್ಕೆ ಮಾನ್ಯತೆ ನೀಡಲಿಲ್ಲ. ಬೆಂಕಿಯ ನಂತರ ಅವರ ಮೇಲೆ ನರಹತ್ಯೆಯ ಮೊಕದ್ದಮೆ ನಡೆಯಿತು. ಬಾಗಿಲಿಗೆ ಬೀಗವಿದ್ದುದು ಅವರಿಗೆ ಆ ಕ್ಷಣದಲ್ಲಿ ತಿಳಿದಿತ್ತೆಂಬುದು ಸಾಬೀತಾಗಬೇಕಿತ್ತು. 1911ರ ಡಿಸೆಂಬರಿನಲ್ಲಿ ಅವರು ಖುಲಾಸೆಯಾದರು. 1914ರಲ್ಲಿ ಸಿವಿಲ್ ದಾವೆಗಳು ಇತ್ಯರ್ಥವಾದಾಗ ಒಂದು ಜೀವಕ್ಕೆ ದೊರೆತದ್ದು 75 ಡಾಲರ್. ಇದರ ನಡುವೆ 1913ರಲ್ಲಿ ಮಾಲೀಕರಲ್ಲೊಬ್ಬರು ತಮ್ಮ ಕಾರ್ಖಾನೆಯ ಬಾಗಿಲಿಗೆ ಮತ್ತೆ ಬೀಗ ಹಾಕಿ ಸಿಕ್ಕಿಬಿದ್ದರು. ವಿಧಿಸಿದ ದಂಡ 20 ಡಾಲರ್.

ಶಾಸಕರಿಗೆ ಪಾಠ

ಶೋಕಸಭೆಗಳಿಂದ ಬಾಗಿಲುಗಳು ತೆರೆದುಕೊಳ್ಳುವುದಿಲ್ಲ ಎಂಬುದು ಪರ್ಕಿನ್ಸ್ ಅವರಿಗೆ ತಿಳಿದಿತ್ತು. ದುರಂತದ ನಂತರ ನಾಗರಿಕರು ರಚಿಸಿದ ಸುರಕ್ಷತಾ ಸಮಿತಿಗೆ, ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರ ಶಿಫಾರಸಿನ ಮೇರೆಗೆ, ಅವರು ಕಾರ್ಯದರ್ಶಿಯಾದರು. ನ್ಯೂಯಾರ್ಕ್ ರಾಜ್ಯ ಶಾಸನಸಭೆ 1911ರಲ್ಲಿಯೇ ಕಾರ್ಖಾನೆ ತನಿಖಾ ಆಯೋಗವನ್ನು ನೇಮಿಸಿತು. ಸೆನೆಟರ್ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷರು, ಶಾಸಕ ಆಲ್ ಸ್ಮಿತ್ ಉಪಾಧ್ಯಕ್ಷರು. ಆಯೋಗದ ಕಣ್ಣು ಮತ್ತು ಕಾಲುಗಳಾಗಿ ಕೆಲಸ ಮಾಡಿದವರಲ್ಲಿ ಪರ್ಕಿನ್ಸ್ ಪ್ರಮುಖರು.

ವರದಿ ಓದಿದವರಿಗಿಂತ ಸ್ವತಃ ಕಂಡವರು ಬೇಗ ಬದಲಾಗುತ್ತಾರೆಂಬುದು ಅವರ ಅನುಭವ. ಹೀಗಾಗಿ ಶಾಸಕರನ್ನು ಕಚೇರಿಯಿಂದ ಹೊರಗೆ ಕರೆದೊಯ್ದರು. ಹಗ್ಗದ ಕಾರ್ಖಾನೆಯಲ್ಲಿ ರಾತ್ರಿಯಿಡೀ ಹತ್ತು ಗಂಟೆ ದುಡಿದು ಬೆಳಗ್ಗೆ ಹೊರಬರುವ ಹೆಂಗಸರನ್ನು ಸ್ಮಿತ್ ಅವರಿಗೆ ತೋರಿಸಿದರು. ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ನಸುಕಿನಲ್ಲಿಯೇ ಕಾಳು ಬಿಡಿಸಲು ಕುಳಿತ ಪುಟ್ಟ ಮಕ್ಕಳನ್ನು ತೋರಿಸಿದರು. ವ್ಯಾಗ್ನರ್ ಅವರನ್ನಂತೂ ಗೋಡೆಯ ಸಣ್ಣ ಕಿಂಡಿಯೊಂದರಿಂದ ತೆವಳಿಸಿ ತುರ್ತು ಏಣಿಯತ್ತ ಹೊರಡಿಸಿದರು. ಹಿಮಗಟ್ಟಿದ ಆ ಏಣಿ ನೆಲಕ್ಕೆ ಹನ್ನೆರಡು ಅಡಿ ಮೇಲೆಯೇ ಮುಗಿಯುತ್ತಿತ್ತು. ಕಡತದಲ್ಲಿ ಮಾತ್ರ ಅದು ತುರ್ತು ನಿರ್ಗಮನದ ವ್ಯವಸ್ಥೆ ಎಂದೇ ದಾಖಲಾಗಿತ್ತು.

ಆಯೋಗವು ಬೆಂಕಿಯ ಪ್ರಶ್ನೆಗೇ ನಿಲ್ಲಲಿಲ್ಲ. ಗಾಳಿ ಬೆಳಕು, ಶೌಚಾಲಯ, ಕುಡಿಯುವ ನೀರು, ವಿಷಕಾರಿ ಧೂಳು, ಬಾಲಕಾರ್ಮಿಕತೆ, ರಾತ್ರಿ ಪಾಳಿ ಎಲ್ಲವೂ ತನಿಖೆಗೆ ಒಳಗಾದವು. ಮೂರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾಯ್ದೆಗಳು ಜಾರಿಗೆ ಬಂದವು. ಬಾಗಿಲಿಗೆ ಬೀಗ ಹಾಕುವುದು ಅಪರಾಧವಾಯಿತು. ಎತ್ತರದ ಕಟ್ಟಡಗಳಲ್ಲಿ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಅಳವಡಿಸಬೇಕಾಯಿತು. ಒಂದು ಅಂತಸ್ತಿನಲ್ಲಿ ಎಷ್ಟು ಮಂದಿ ಇರಬಹುದೆಂಬುದನ್ನು ನಿಗದಿಪಡಿಸಲಾಯಿತು. ಅಗ್ನಿ ಕವಾಯತು ಕಡ್ಡಾಯವಾಯಿತು.

ಈ ಕಾಯ್ದೆಗಳ ಸ್ವರೂಪವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸ್ಪ್ರಿಂಕ್ಲರ್, ಬಾಗಿಲು, ಏಣಿ ಇವು ಮಾಲೀಕನ ಹೊಣೆ. ಧೂಮಪಾನ ಮಾಡದಿರುವುದು, ಕವಾಯತಿನಲ್ಲಿ ಭಾಗವಹಿಸುವುದು ಕಾರ್ಮಿಕನ ಹೊಣೆ. ತಪಾಸಣೆ ಸರ್ಕಾರದ ಹೊಣೆ. ಟ್ರಯಾಂಗಲ್ ಕಾರ್ಖಾನೆಯಲ್ಲಿಯೂ ಶಿಸ್ತು ಇತ್ತು. ಆದರೆ ಅದು ಬಟ್ಟೆಯ ತುಂಡನ್ನು ಕಾಯುವ ಶಿಸ್ತು. ಜೀವ ಕಾಯುವ ಶಿಸ್ತು ಎಲ್ಲಿಯೂ ಇರಲಿಲ್ಲ. ಹೊಸ ಕಾಯ್ದೆಗಳು ಈ ಕ್ರಮವನ್ನು ತಿರುಗಿಸಿದವು.

ಇದೇ ಕಾಲದಲ್ಲಿ ಪರ್ಕಿನ್ಸ್ ರಾಜಕೀಯದ ಮೊದಲ ಪಾಠವನ್ನೂ ಕಲಿತರು. ಮಹಿಳೆಯರ ದುಡಿಮೆಯನ್ನು ವಾರಕ್ಕೆ 54 ಗಂಟೆಗೆ ಮಿತಗೊಳಿಸುವ ಮಸೂದೆ 1912ರಲ್ಲಿ ಚರ್ಚೆಗೆ ಬಂದಾಗ, ಆಹಾರ ಸಂಸ್ಕರಣಾ ಘಟಕಗಳಿಗೆ ವಿನಾಯಿತಿ ನೀಡಿದರೆ ಮಾತ್ರ ಅಂಗೀಕಾರವೆಂಬ ಸ್ಥಿತಿ ಉಂಟಾಯಿತು. ವಿನಾಯಿತಿಗೆ ಒಪ್ಪಕೂಡದೆಂಬುದು ಅವರ ಸಂಘಟನೆಯ ನಿಲುವಾಗಿತ್ತು. ಪೂರ್ತಿ ಕಳೆದುಕೊಳ್ಳುವುದಕ್ಕಿಂತ ಲಕ್ಷಾಂತರ ಮಹಿಳೆಯರಿಗೆ ದೊರೆಯುವ ಲಾಭ ಮುಖ್ಯವೆಂದು ತೀರ್ಮಾನಿಸಿ ಪರ್ಕಿನ್ಸ್ ತಮ್ಮ ಹೊಣೆಯ ಮೇಲೆ ರಾಜಿಗೆ ಒಪ್ಪಿದರು. ಮಸೂದೆ ಅಂಗೀಕಾರವಾಯಿತು. ಸಿಕ್ಕಷ್ಟನ್ನು ಪಡೆದು, ಉಳಿದುದಕ್ಕಾಗಿ ಮತ್ತೆ ಬರುವ ಈ ವಿಧಾನವನ್ನು ಅವರು ಜೀವನಪೂರ್ತಿ ಅನುಸರಿಸಿದರು. ಅದರ ಲಾಭವೂ ಬೆಲೆಯೂ ಮುಂದೆ ಕಂಡುಬಂದವು.

ಮನೆಯ ಹೊರೆ

1913ರಲ್ಲಿ ಅವರು ಅರ್ಥಶಾಸ್ತ್ರಜ್ಞ ಪಾಲ್ ಕಾಲ್ಡ್‌ವೆಲ್ ವಿಲ್ಸನ್ ಅವರನ್ನು ವಿವಾಹವಾದರು. ಆದರೂ ತಮ್ಮ ಹೆಸರನ್ನು ಬದಲಿಸಿಕೊಳ್ಳಲಿಲ್ಲ. ಆ ಕಾಲಕ್ಕೆ ಇದು ಅಪರೂಪದ ನಿರ್ಧಾರ. 1916ರಲ್ಲಿ ಮಗಳು ಸುಸಾನಾ ಜನಿಸಿದಳು. ಕೆಲವೇ ವರ್ಷಗಳಲ್ಲಿ ಪತಿ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾದರು. ಅವರು ಮತ್ತೆ ನಿಯತವಾಗಿ ಉದ್ಯೋಗ ಮಾಡುವ ಸ್ಥಿತಿಗೆ ಬರಲಿಲ್ಲ. ಚಿಕಿತ್ಸೆಯ ವೆಚ್ಚ, ಮಗಳ ಪೋಷಣೆ, ಮನೆಯ ನಿರ್ವಹಣೆ ಎಲ್ಲವೂ ಪರ್ಕಿನ್ಸ್ ಅವರ ಸಂಬಳದ ಮೇಲೆ ನಿಂತವು. ದುಡಿಯುವ ಒಬ್ಬರ ಆದಾಯ ನಿಂತರೆ ಸಂಸಾರ ಏನಾಗುತ್ತದೆಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. 1952ರಲ್ಲಿ ಪತಿ ತೀರಿಕೊಳ್ಳುವವರೆಗೂ ಈ ಹೊರೆಯನ್ನು ಅವರು ಯಾರಿಗೂ ತೋರಗೊಡದೆ ಹೊತ್ತರು.

1919ರಲ್ಲಿ ಗವರ್ನರ್ ಆದ ಆಲ್ ಸ್ಮಿತ್ ಅವರನ್ನು ರಾಜ್ಯ ಕೈಗಾರಿಕಾ ಆಯೋಗದ ಸದಸ್ಯರನ್ನಾಗಿ ನೇಮಿಸಿದರು. ವಾರ್ಷಿಕ ವೇತನ 8,000 ಡಾಲರ್. ಅದೇ ವರ್ಷ ರೋಮ್ ಎಂಬ ಪಟ್ಟಣದ ತಾಮ್ರದ ಕಾರ್ಖಾನೆಗಳಲ್ಲಿ ಮುಷ್ಕರ ಹಿಂಸೆಗೆ ತಿರುಗಿತು. ಪಡೆಗಳನ್ನು ಕಳುಹಿಸುವ ಸಿದ್ಧತೆ ನಡೆದಿತ್ತು. ಸ್ಥಳಕ್ಕೆ ಹೋದ ಪರ್ಕಿನ್ಸ್, ಮುಷ್ಕರನಿರತರು ಸಂಗ್ರಹಿಸಿಟ್ಟಿದ್ದ ಸ್ಫೋಟಕಗಳನ್ನು ಅವರಿಂದಲೇ ವಿಸರ್ಜಿಸುವಂತೆ ಮಾಡಿ, ಮಾಲೀಕರನ್ನು ಆಯೋಗದ ಮುಂದೆ ವಿಚಾರಣೆಗೆ ಕರೆಸಿದರು. ವಿವಾದ ಮಾತುಕತೆಯಿಂದ ಬಗೆಹರಿಯಿತು. ಹಕ್ಕು ಕೇಳುವವರು ಸಂಯಮ ತೋರಬೇಕು, ಅಧಿಕಾರದಲ್ಲಿರುವವರು ಆ ಸಂಯಮಕ್ಕೆ ಬೆಲೆ ಕೊಡಬೇಕು ಎಂಬ ಅವರ ನಿಲುವು ಇಲ್ಲಿ ಮೊದಲ ಬಾರಿಗೆ ಪರೀಕ್ಷೆಗೆ ಒಳಗಾಯಿತು.

1929ರಲ್ಲಿ ಗವರ್ನರ್ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ರಾಜ್ಯದ ಕೈಗಾರಿಕಾ ಆಯುಕ್ತರ ಹುದ್ದೆಗೆ ಏರಿಸಿದರು. ಅದೇ ವರ್ಷ ಷೇರುಪೇಟೆ ಕುಸಿಯಿತು. ನಿರುದ್ಯೋಗ ಇಳಿಮುಖವಾಗಿದೆಯೆಂದು 1930ರ ಆರಂಭದಲ್ಲಿ ಅಧ್ಯಕ್ಷ ಹೂವರ್ ಅವರ ಸರ್ಕಾರ ಪ್ರಕಟಿಸಿದಾಗ, ಅಂಕಿಅಂಶಗಳು ಬೇರೆಯದನ್ನೇ ಹೇಳುತ್ತವೆಂದು ಪತ್ರಿಕೆಗಳಿಗೆ ತಿಳಿಸಿದವರು ಪರ್ಕಿನ್ಸ್. ಈ ಧೈರ್ಯ ರೂಸ್‌ವೆಲ್ಟ್ ಅವರ ಗಮನ ಸೆಳೆಯಿತು.

ಸಂಪುಟದಲ್ಲಿ ಹನ್ನೆರಡು ವರ್ಷ

ಅಧ್ಯಕ್ಷರಾಗಿ ಆಯ್ಕೆಯಾದ ರೂಸ್‌ವೆಲ್ಟ್ 1933ರಲ್ಲಿ ಕಾರ್ಮಿಕ ಖಾತೆಯನ್ನು ನೀಡಲು ಮುಂದಾದಾಗ ಪರ್ಕಿನ್ಸ್ ತಕ್ಷಣ ಒಪ್ಪಲಿಲ್ಲ. ತಾವು ಮಾಡಬೇಕೆಂದಿರುವ ಕೆಲಸಗಳ ಪಟ್ಟಿಯನ್ನು ಮುಂದಿಟ್ಟರು. ನಿರುದ್ಯೋಗಿಗಳಿಗೆ ನೇರ ನೆರವು, ಸಾರ್ವಜನಿಕ ಕಾಮಗಾರಿ, ಕನಿಷ್ಠ ವೇತನ, ದುಡಿಮೆಯ ಅವಧಿಗೆ ಮಿತಿ, ಬಾಲಕಾರ್ಮಿಕತೆಯ ನಿಷೇಧ, ನಿರುದ್ಯೋಗ ವಿಮೆ, ವೃದ್ಧಾಪ್ಯ ಪಿಂಚಣಿ, ಆರೋಗ್ಯ ವಿಮೆ. ಇವುಗಳಿಗೆ ಬೆಂಬಲವಿದ್ದರೆ ಮಾತ್ರ ಹುದ್ದೆ ಸ್ವೀಕರಿಸುವುದಾಗಿ ತಿಳಿಸಿದರು. ರೂಸ್‌ವೆಲ್ಟ್ ಸಮ್ಮತಿಸಿದರು. ಆ ಪಟ್ಟಿಯಲ್ಲಿ ಆರೋಗ್ಯ ವಿಮೆಯೊಂದನ್ನು ಬಿಟ್ಟು ಉಳಿದುವೆಲ್ಲವೂ ಒಂದಲ್ಲ ಒಂದು ರೂಪದಲ್ಲಿ ಕೈಗೂಡಿದವು.

1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತಾ ಕಾಯ್ದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಅದನ್ನು ರೂಪಿಸಿದ ಸಂಪುಟ ಸಮಿತಿಯ ಅಧ್ಯಕ್ಷರು ಪರ್ಕಿನ್ಸ್. ಅದೇ ವರ್ಷ ಕಾರ್ಮಿಕರಿಗೆ ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕನ್ನು ಖಾತ್ರಿಪಡಿಸಿದ ಕಾಯ್ದೆ ಜಾರಿಯಾಯಿತು. ಅದರ ಕರ್ತೃ, ಒಮ್ಮೆ ಹಿಮಗಟ್ಟಿದ ಏಣಿಯತ್ತ ತೆವಳಿದ್ದ ಅದೇ ವ್ಯಾಗ್ನರ್.

ವೇತನ ಮತ್ತು ದುಡಿಮೆಯ ಅವಧಿಗೆ ಸಂಬಂಧಿಸಿದ ಕಾಯ್ದೆಯ ದಾರಿ ಇನ್ನೂ ದುರ್ಗಮವಾಗಿತ್ತು. ಹಿಂದಿನ ಪ್ರಯತ್ನವನ್ನು ಸುಪ್ರೀಂ ಕೋರ್ಟ್ 1935ರಲ್ಲಿ ತಳ್ಳಿಹಾಕಿತ್ತು. ಇದನ್ನು ಮುಂಚೆಯೇ ಊಹಿಸಿದ್ದ ಪರ್ಕಿನ್ಸ್ ಪರ್ಯಾಯ ಮಸೂದೆಗಳನ್ನು ಸಿದ್ಧಪಡಿಸಿ ತಮ್ಮ ಮೇಜಿನ ಖಾನೆಯಲ್ಲಿ ಇರಿಸಿಕೊಂಡಿದ್ದರು. 1938ರ ಜೂನ್ 25ರಂದು ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆಗೆ ಸಹಿಯಾಯಿತು. ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ, ಆರಂಭದಲ್ಲಿ ವಾರಕ್ಕೆ 44 ಗಂಟೆ, ಎರಡು ವರ್ಷಗಳ ನಂತರ 40 ಗಂಟೆ, ಅದಕ್ಕಿಂತ ಹೆಚ್ಚು ದುಡಿಸಿದರೆ ಒಂದೂವರೆ ಪಟ್ಟು ಕೂಲಿ ಎಂದು ಗೊತ್ತುಪಡಿಸಲಾಯಿತು. ಅಪಾಯಕಾರಿ ಕೆಲಸಗಳಿಗೆ 18 ವರ್ಷಕ್ಕಿಂತ ಕಿರಿಯರನ್ನು ನೇಮಿಸುವಂತಿರಲಿಲ್ಲ. 1941ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ರಾಜಿಯ ಬೆಲೆ ಕಂಡದ್ದೂ ಇಲ್ಲಿಯೇ. ಕೃಷಿ ಕೂಲಿಗಳು ಮತ್ತು ಮನೆಗೆಲಸದವರು ಈ ಎರಡೂ ಪ್ರಮುಖ ಕಾಯ್ದೆಗಳ ವ್ಯಾಪ್ತಿಯಿಂದ ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಈ ಕೆಲಸಗಳಲ್ಲಿದ್ದವರು ಬಹುತೇಕ ಕಪ್ಪು ಜನಾಂಗದವರು. ಅತ್ಯಂತ ದುರ್ಬಲರಿಗೆ ರಕ್ಷಣೆ ತಲುಪಲು ಮತ್ತಷ್ಟು ವರ್ಷಗಳು ಬೇಕಾದವು. ಪರ್ಕಿನ್ಸ್ ಅವರ ಸಾಧನೆಯನ್ನು ಅಳೆಯುವವರು ಈ ಕೊರತೆಯನ್ನು ಮರೆಯುವಂತಿಲ್ಲ.

ಧೂಳಿನ ಸಾವು

ಸುರಕ್ಷತೆಯ ಪ್ರಶ್ನೆಯನ್ನು ಅವರು ಸಚಿವರಾದ ಮೇಲೂ ಬಿಡಲಿಲ್ಲ. 1934ರಲ್ಲಿ ಕಾರ್ಮಿಕ ಇಲಾಖೆಯೊಳಗೆ ಕಾರ್ಮಿಕ ಮಾನದಂಡಗಳ ವಿಭಾಗವನ್ನು ಸ್ಥಾಪಿಸಿದರು. ಕಾರ್ಖಾನೆ ತಪಾಸಕರಿಗೆ ತರಬೇತಿ ನೀಡುವುದು, ರಾಜ್ಯಗಳಿಗೆ ಮಾದರಿ ನಿಯಮಗಳನ್ನು ಸಿದ್ಧಪಡಿಸಿಕೊಡುವುದು ಅದರ ಕೆಲಸ. ತಪಾಸಕನಿಗೆ ಯಂತ್ರದ ಜ್ಞಾನವಿಲ್ಲದಿದ್ದರೆ ಎಂಥ ಕಾಯ್ದೆಯೂ ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದನ್ನು ನ್ಯೂಯಾರ್ಕಿನ ಅನುಭವ ಅವರಿಗೆ ಕಲಿಸಿತ್ತು.

ಪಶ್ಚಿಮ ವರ್ಜೀನಿಯಾದ ಗಾಲಿ ಬ್ರಿಜ್ ಸಮೀಪ 1930ರಲ್ಲಿ ಆರಂಭವಾದ ಸುರಂಗ ಕಾಮಗಾರಿಯಲ್ಲಿ ಸಿಲಿಕಾ ಧೂಳನ್ನು ಉಸಿರಾಡಿದ ನೂರಾರು ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಬಲಿಯಾದರು. ಅವರಲ್ಲಿ ಹೆಚ್ಚಿನವರು ಕೆಲಸ ಅರಸಿ ಬಂದ ಕಪ್ಪು ಜನಾಂಗದವರು. ಬಂಡೆ ಕೊರೆಯುವಾಗ ನೀರು ಬಳಸಿದ್ದರೆ, ಗಾಳಿಯಾಡುವ ವ್ಯವಸ್ಥೆ ಮಾಡಿದ್ದರೆ ಈ ಸಾವುಗಳನ್ನು ತಡೆಯಬಹುದಾಗಿತ್ತು. ಬೆಂಕಿಯಂತೆ ಈ ಸಾವು ಬೀದಿಯಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಳ ನಂತರ, ಯಾವುದೋ ಊರಿನಲ್ಲಿ, ಒಬ್ಬೊಬ್ಬರಾಗಿ ಸಾಯುತ್ತಾರೆ. ಈ ಪ್ರಕರಣ ಸಂಸತ್ತಿನ ಮುಂದೆ ಬಂದ 1936ರಲ್ಲಿಯೇ ಪರ್ಕಿನ್ಸ್ ಮಾಲೀಕರು, ಕಾರ್ಮಿಕ ಸಂಘಗಳು, ವೈದ್ಯರು ಮತ್ತು ಎಂಜಿನಿಯರ್‌ಗಳನ್ನು ಒಂದೆಡೆ ಸೇರಿಸಿ ಸಿಲಿಕೋಸಿಸ್ ಕುರಿತ ರಾಷ್ಟ್ರೀಯ ಸಮ್ಮೇಳನ ನಡೆಸಿದರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಅಮೆರಿಕ ಸೇರಿದ್ದೂ ಅವರ ಪ್ರಯತ್ನದ ಫಲ. ಭಾರತವು 1919ರಲ್ಲಿಯೇ ಆ ಸಂಸ್ಥೆಯ ಸಂಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಒಂದಾಗಿತ್ತು. ಅಮೆರಿಕ ಹದಿನೈದು ವರ್ಷ ಹೊರಗುಳಿದು, 1934ರಲ್ಲಿ ಸದಸ್ಯತ್ವ ಪಡೆಯಿತು. ದುಡಿಮೆಯ ಅವಧಿ, ಸುರಕ್ಷತೆ ಮುಂತಾದ ವಿಷಯಗಳಲ್ಲಿ ಸರ್ಕಾರ, ಮಾಲೀಕ ಮತ್ತು ಕಾರ್ಮಿಕ ಮೂವರೂ ಸಮಾನವಾಗಿ ಕುಳಿತು ಮಾನದಂಡ ರೂಪಿಸುವ ಪದ್ಧತಿ ಆ ಸಂಸ್ಥೆಯದು.

ಮುಷ್ಕರ, ಆರೋಪ, ಮಹಾಭಿಯೋಗ

1934ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಬಂದರು ಕಾರ್ಮಿಕರ ಮುಷ್ಕರ ಇಡೀ ನಗರಕ್ಕೆ ವ್ಯಾಪಿಸಿತು. ಅಧ್ಯಕ್ಷರು ಸಮುದ್ರಯಾನದಲ್ಲಿದ್ದರು. ಸಂಪುಟದ ಹಿರಿಯ ಸಹೋದ್ಯೋಗಿಗಳು ಸೇನೆಯನ್ನು ಬಳಸುವ ಆಲೋಚನೆಯಲ್ಲಿದ್ದಾಗ, ಅದರ ಅಗತ್ಯವಿಲ್ಲವೆಂದು ಪರ್ಕಿನ್ಸ್ ಅಧ್ಯಕ್ಷರಿಗೆ ಸಂದೇಶ ಕಳುಹಿಸಿದರು. ಕೇಂದ್ರ ಸೇನೆ ಬೀದಿಗಿಳಿಯಲಿಲ್ಲ. ಕೆಲವೇ ದಿನಗಳಲ್ಲಿ ನಗರವ್ಯಾಪಿ ಮುಷ್ಕರ ಕೊನೆಗೊಂಡು, ಬಂದರು ಕಾರ್ಮಿಕರ ವಿವಾದ ಪಂಚಾಯ್ತಿಗೆ ಹೋಯಿತು.

ಆದರೆ ಅದೇ ಮುಷ್ಕರದ ನಾಯಕ, ಆಸ್ಟ್ರೇಲಿಯಾ ಮೂಲದ ಹ್ಯಾರಿ ಬ್ರಿಜಸ್, ಮುಂದೆ ಅವರಿಗೆ ಸಂಕಟ ತಂದರು. ಬ್ರಿಜಸ್ ಕಮ್ಯುನಿಸ್ಟ್ ಎಂದು ಆರೋಪಿಸಿದ ವಿರೋಧಿಗಳು ಅವರನ್ನು ಗಡೀಪಾರು ಮಾಡುವಂತೆ ಒತ್ತಾಯಿಸಿದರು. ವಲಸೆ ವಿಭಾಗ ಆಗ ಕಾರ್ಮಿಕ ಇಲಾಖೆಯ ಅಧೀನದಲ್ಲಿತ್ತು. ಸಾಕ್ಷ್ಯವಿಲ್ಲದೆ ಯಾರನ್ನೂ ಗಡೀಪಾರು ಮಾಡಲಾಗದು, ನ್ಯಾಯಾಲಯದ ತೀರ್ಪಿಗೆ ಕಾಯಬೇಕು ಎಂಬ ನಿಲುವಿಗೆ ಪರ್ಕಿನ್ಸ್ ಅಂಟಿಕೊಂಡರು. 1939ರ ಜನವರಿಯಲ್ಲಿ ಅವರ ವಿರುದ್ಧವೇ ಮಹಾಭಿಯೋಗದ ನಿರ್ಣಯ ಮಂಡನೆಯಾಯಿತು. ಅವರು ನ್ಯಾಯಾಂಗ ಸಮಿತಿಯ ಮುಂದೆ ಹಾಜರಾಗಿ ಉತ್ತರ ನೀಡಿದರು. ಆರೋಪದಲ್ಲಿ ಹುರುಳಿಲ್ಲವೆಂದು ಸಮಿತಿ ಮಾರ್ಚ್ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಬ್ರಿಜಸ್ ಅವರ ಗಡೀಪಾರು ಆದೇಶವನ್ನು 1945ರಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಆದರೂ ಆ ಕಹಿ ಪರ್ಕಿನ್ಸ್ ಅವರನ್ನು ಬಹುಕಾಲ ಬಿಡಲಿಲ್ಲ. ಆ ದಿನಗಳಲ್ಲಿ ಅವರು ತಿಂಗಳಿಗೊಮ್ಮೆ ವಾಷಿಂಗ್ಟನ್ನಿಂದ ಹೊರಟು ಕ್ರೈಸ್ತ ಸನ್ಯಾಸಿನಿಯರ ಮಠವೊಂದರಲ್ಲಿ ಮೌನವಾಗಿ ಕಾಲ ಕಳೆಯುತ್ತಿದ್ದರೆಂಬುದು ಹೊರಗಿನವರಿಗೆ ತಿಳಿದಿರಲಿಲ್ಲ.

ತರಗತಿಯಲ್ಲಿ ಕೊನೆಯ ದಿನಗಳು

ರೂಸ್‌ವೆಲ್ಟ್ ನಿಧನರಾದ ನಂತರ, 1945ರ ಮಧ್ಯದಲ್ಲಿ ಅವರು ಸಚಿವ ಸ್ಥಾನದಿಂದ ನಿವೃತ್ತರಾದರು. ಅಷ್ಟು ದೀರ್ಘಕಾಲ ಅಮೆರಿಕದ ಕಾರ್ಮಿಕ ಖಾತೆಯನ್ನು ನಿರ್ವಹಿಸಿದವರು ಇನ್ನೊಬ್ಬರಿಲ್ಲ. 1946ರಲ್ಲಿ ರೂಸ್‌ವೆಲ್ಟ್ ಕುರಿತು ಬರೆದ ನೆನಪುಗಳ ಪುಸ್ತಕ ಪ್ರಕಟವಾಯಿತು. 1953ರವರೆಗೆ ನಾಗರಿಕ ಸೇವಾ ಆಯೋಗದ ಸದಸ್ಯರಾಗಿದ್ದರು. 1957ರಿಂದ ಕಾರ್ನೆಲ್ ವಿಶ್ವವಿದ್ಯಾಲಯದ ಕೈಗಾರಿಕಾ ಮತ್ತು ಕಾರ್ಮಿಕ ಸಂಬಂಧಗಳ ಶಾಲೆಯಲ್ಲಿ ಪಾಠ ಹೇಳಿದರು. ಎಂಬತ್ತು ದಾಟಿದ ಮೇಲೂ ವಿದ್ಯಾರ್ಥಿಗಳ ನಡುವೆಯೇ ವಾಸವಾಗಿದ್ದರು. 1965ರ ಮೇ 14ರಂದು ನ್ಯೂಯಾರ್ಕಿನಲ್ಲಿ ನಿಧನರಾದಾಗ ಅವರ ವಯಸ್ಸು 85.

ಐದು ವರ್ಷಗಳ ತರುವಾಯ, 1970ರ ಡಿಸೆಂಬರಿನಲ್ಲಿ, ಅಮೆರಿಕವು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯನ್ನು ಅಂಗೀಕರಿಸಿತು. ಅಪಾಯವಿಲ್ಲದ ಕೆಲಸದ ಜಾಗವನ್ನು ಒದಗಿಸುವುದು ಮಾಲೀಕನ ಕರ್ತವ್ಯವೆಂದೂ, ಸುರಕ್ಷತಾ ನಿಯಮಗಳನ್ನು ಪಾಲಿಸುವುದು ನೌಕರನ ಕರ್ತವ್ಯವೆಂದೂ ಆ ಕಾಯ್ದೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ತಪಾಸಣೆಗೆ ದೂರು ನೀಡಿದ ನೌಕರನ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ಅದು ನಿಷೇಧಿಸಿತು. ನ್ಯೂಯಾರ್ಕ್ ಆಯೋಗ ಆರು ದಶಕಗಳ ಹಿಂದೆ ಹಾಕಿಕೊಟ್ಟ ಹೊಣೆಗಾರಿಕೆಯ ಹಂಚಿಕೆಯೇ ಇಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು.

ವಾಷಿಂಗ್ಟನ್ನಿನ ಕಾರ್ಮಿಕ ಇಲಾಖೆಯ ಕೇಂದ್ರ ಕಚೇರಿಗೆ 1980ರಲ್ಲಿ ಪರ್ಕಿನ್ಸ್ ಹೆಸರಿಡಲಾಯಿತು. ಮೇನ್ ರಾಜ್ಯದ ನ್ಯೂಕ್ಯಾಸಲ್‌ನಲ್ಲಿರುವ ಅವರ ಕುಟುಂಬದ ಮನೆ 2024ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಬೆಂಕಿಗೆ ಆಹುತಿಯಾದವರ ಹೆಸರುಗಳನ್ನು ಹೊತ್ತ ಸ್ಮಾರಕವೊಂದು 2023ರಲ್ಲಿ ಅದೇ ಆಶ್ ಕಟ್ಟಡದ ಗೋಡೆಯ ಮೇಲೆ ಅನಾವರಣಗೊಂಡಿತು.

ಸ್ಮಾರಕಗಳಿಗಿಂತ ಹೆಚ್ಚು ದಿನ ಬಾಳುವುದು ಅವರು ಬಿಟ್ಟುಹೋದ ಕೆಲಸದ ಕ್ರಮ. ನಿಯಮ ಬರೆದವನು ಅದನ್ನು ಜಾರಿಗೊಳಿಸಲು ಹೊಣೆಯಾಗಬೇಕು. ಜಾರಿಗೊಳಿಸುವವನು ಕಾರ್ಖಾನೆಯ ಒಳಗೆ ಕಾಲಿಟ್ಟು ನೋಡಬೇಕು. ದುಡಿಯುವವನಿಗೆ ನಿಯಮ ತಿಳಿದಿರಬೇಕು, ಅದು ಮುರಿದಾಗ ಹೇಳುವ ಧೈರ್ಯವೂ ಹೇಳಿದ ಮೇಲೆ ಉದ್ಯೋಗ ಉಳಿಯುವ ಭರವಸೆಯೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಏಣಿ ನೆಲ ಮುಟ್ಟುವುದಿಲ್ಲ.